ಜಗಲಿಯ ಮೇಲಿಟ್ಟ ಎಲೆ

ಅಡುಗೆಮನೆಯ ತುಂಬ ವೀಳ್ಯದೆಲೆಯ ವಾಸನೆ. ಬೇರೆ ದಿನವಾಗಿದ್ದರೆ ಹಿತವೆನಿಸುತ್ತಿತ್ತೇನೋ, ಇವತ್ತು ಮಾತ್ರ ಕಿಟಕಿ ತೆರೆದಿಟ್ಟು ಕೂತಿದ್ದೇನೆ. ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ ಇದೆ. ಅದರಲ್ಲಿ ಎಲೆ, ಅಡಿಕೆ, ಮಡಿಸಿದ ಜಂಪರ್ ಪೀಸು, ಬಂಗಾರದ ಅಂಚಿನ ಒಂದು ಕಾರ್ಡು. ಸ್ವಲ್ಪ ಹೊತ್ತಿನ ಮುಂಚೆ ಅದನ್ನು ಎರಡೂ ಕೈ ಚಾಚಿ ನಾನೇ ಹಿಡಿದುಕೊಂಡೆ. ಎಂಥ ಕೆಲಸ ಮಾಡಿಕೊಂಡೆ ಎಂಬುದು ಹಿಡಿದ ಮೇಲೆ ಗೊತ್ತಾಯಿತು.

ನೀವು ನಮ್ಮ ರಾಯಚೂರು ಕಡೆಯವರಲ್ಲದಿದ್ದರೆ, ತಟ್ಟೆ ಹಿಡಿಯುವುದರಲ್ಲಿ ಹೆದರುವಂಥದ್ದೇನಿದೆ ಎಂದು ಕೇಳಬಹುದು. ಹೇಳುತ್ತೇನೆ, ನನಗೂ ಈಗ ಬೇರೆ ಕೆಲಸವಿಲ್ಲ. ನಮ್ಮ ಮಂದಿಯಲ್ಲಿ ಕೂಸಿನ ತೊಟ್ಟಿಲಿಗೋ ಬಸುರಿಯ ಕುಬಸಕ್ಕೋ ಹಾಡುವವರನ್ನು ಕರೆಯುವಾಗ ಎಲೆ ಅಡಿಕೆ ಕೊಟ್ಟು ಕರೆಯುತ್ತಾರೆ. ಕೈಯೊಡ್ಡಿ ಹಿಡಿದಿರೋ, ಮಾತು ಕೊಟ್ಟಂತೆ. ಆಮೇಲೆ ಜ್ವರ ಬರಲಿ, ಬಸ್ಸು ಕೆಡಲಿ, ಹೋಗಲೇಬೇಕು. ಹೋಗದಿದ್ದರೆ 'ಎಲೆ ಹಿಡಿದು ಬರಲಿಲ್ಲ' ಎಂಬ ಮಾತು ನಮ್ಮ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತದೆ.

ತಂದವನು ನನ್ನ ಗಂಡ ಕೆಲಸ ಮಾಡುವ ಅಕ್ಕಿ ಗಿರಣಿಯ ಸಾವಕಾರರ ಡ್ರೈವರ್. "ಟೀಚರ್, ಗುರುವಾರ ಸಣ್ಣವ್ವಾರ ಕುಬಸ ಅದರೀ. ನೀವಽ ಹಾಡಬೇಕಂತ, ಅವ್ವಾರು ಹೇಳಿ ಕಳಿಸ್ಯಾರ" ಎಂದ. ನಾನು ಬಾಯಿ ಬಿಡುವಂತಿಲ್ಲ. ಗಂಟಲು ಮುಟ್ಟಿ ತೋರಿಸಿದೆ. "ಹೌದ್ರೀ, ಹಾಡಾಕಽ!" ಎಂದು ಅವನು ಖುಷಿಯಾದ. ಕೈ ಅಲ್ಲಾಡಿಸಿದೆ. ಅದನ್ನು ಬಾ, ಚಹಾ ಕುಡಿದು ಹೋಗು ಎಂದು ತಿಳಿದನೋ ಏನೋ, "ಬ್ಯಾಡ್ರೀ, ಇನ್ನಾ ಬಾಳ ಮನಿ ಅದಾವ" ಎನ್ನುತ್ತ ತಟ್ಟೆ ಮುಂದೆ ಚಾಚಿದ. ದೊಡ್ಡ ಮನೆಯ ತಟ್ಟೆ ಎದುರಿಗೆ ಬಂದರೆ ನನ್ನ ಕೈ ನನ್ನನ್ನು ಕೇಳಿ ಮುಂದೆ ಹೋಗುವುದಿಲ್ಲ. "ಹಿಡದ್ರಿ ಅಂತ ಹೇಳ್ತೀನ್ರೀ" ಎಂದವನೇ ಗಾಡಿ ತಿರುಗಿಸಿಕೊಂಡು ಹೋದ. ನಾನು ಬಾಗಿಲಲ್ಲಿ ಮೂಕಿಯ ಹಾಗೆ ನಿಂತೆ. ಹಾಗೆ ಅಂತೇನು, ಈ ವಾರದ ಮಟ್ಟಿಗೆ ಮೂಕಿಯೇ.

ಗಂಟಲಿನ ಡಾಕ್ಟರು ದುರ್ಬೀನಿನಂಥದ್ದೇನನ್ನೋ ಒಳಗೆ ಹಾಕಿ ನೋಡಿ, ಟಿವಿಯ ಮೇಲೆ ನನಗೇ ತೋರಿಸಿದರು. ಕೆಂಪಗೆ ಬಾತುಕೊಂಡಿತ್ತು. "ನೋಡ್ರೀ ಮೇಡಂ, ಈಗ ಸುಮ್ಮನಾದ್ರ ದನಿ ಉಳೀತದ. ಹಿಂಗಽ ಜಗ್ಗಿದ್ರಿ ಅಂದ್ರ ಹಾಡೋದು ಮರೀರಿ. ಪಿಸುಮಾತೂ ಬ್ಯಾಡ" ಎಂದರು. ಶಾಲೆಗೆ ರಜೆ ಹಾಕಿದ್ದಾಯಿತು. ಬಹಳ ಬೇಡಿಕೊಂಡ ಮೇಲೆ ಒಂದಕ್ಕೆ ಒಪ್ಪಿದರು: "ಶುಕ್ರವಾರ ಒಂದಽ ಹಾಡು, ಸಣ್ಣ ದನಿಯಾಗ. ಅಲ್ಲಿತನಕ ತುಟಿ ಪಿಟಕ್ ಅನ್ನಬಾರದು."

ಶುಕ್ರವಾರ ದೇವದುರ್ಗದಲ್ಲಿ ನನ್ನ ತಂಗಿ ಗಂಗಾಳ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ.

ಗಂಗಾಳ ವಿಷಯ ಸ್ವಲ್ಪ ಹೇಳಬೇಕು. ಮದುವೆಯಾಗಿ ಎಷ್ಟೋ ವರ್ಷ ಅವಳಿಗೆ ಮಕ್ಕಳಾಗಲಿಲ್ಲ. ನಾನು ಊರೂರು ತಿರುಗಿ ಯಾರ್ಯಾರದೋ ಕೂಸುಗಳಿಗೆ ತೊಟ್ಟಿಲ ಪದ ಹಾಡುತ್ತಿದ್ದೆ, ನಂಟರ ಮನೆಯಾದರೆ ಅವಳೂ ಬಂದು ಹಿತ್ತಲಲ್ಲಿ ಕೂತು ಭಾಂಡೆ ತಿಕ್ಕುತ್ತಿದ್ದಳು. ತೊಟ್ಟಿಲು ತೂಗುವುದಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಅವಳೂ ಒಳಗೆ ಬರುತ್ತಿರಲಿಲ್ಲ. ನಾನು ಒಳಗೆ ಹಾಡುವಾಗ ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತುಬಿಡುತ್ತಿತ್ತು. ಹಾಡು ಮುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಈಗ ದೇವರು ಕಣ್ಣು ತೆರೆದಿದ್ದಾನೆ. ಹೆಣ್ಣು ಕೂಸು. ಹುಟ್ಟಿದ ದಿನವೇ ಫೋನು ಮಾಡಿ, "ಅಕ್ಕಾ, ಯಾರಿಗಿ ಹಾಡಿದ್ಯೋ ಬಿಟ್ಟ್ಯೋ, ನನ್ನ ಕೂಸಿಗಿ ಮಾತ್ರ ನೀನಽ ಹಾಡಬೇಕ್ ನೋಡು" ಎಂದು ಅತ್ತಳು. ನಾನೂ ಅತ್ತೆ.

ಅಂಥದ್ದರಲ್ಲಿ ನಾನು ಮಾಡಿದ್ದೇನು? ಅದೇ ತಿಂಗಳು ಕರೆದವರಿಗೆಲ್ಲ ಹೂಂ ಅಂದೆ. ಶಾಲೆಯ ಸಮಾರಂಭದ ಪ್ರಾರ್ಥನೆ ಗೀತೆ, ಕಾಲೊನಿಯ ಹೆಂಗಸರ ಸೋಮವಾರದ ಭಜನೆ, ಕಲ್ಲೂರಿನಲ್ಲಿ ಅತ್ತೆಯ ಕಡೆಯವರ ಹೊಸ ಮನೆಯ ಪ್ರವೇಶ. ಮಲ್ಲಟ ಎಂಬ ಊರಿನವರ ಕಥೆಯಂತೂ ಕೇಳಬೇಡಿ. ಅವರು ವಾಟ್ಸಾಪಿನಲ್ಲಿ ಕಾರ್ಡು ಕಳಿಸಿದ್ದರು. ರೊಟ್ಟಿ ಬಡಿಯುತ್ತಿದ್ದೆ, ಹಿಟ್ಟಿನ ಕೈ. ನೋಡಿದೆ ಎಂಬ ಅರ್ಥದಲ್ಲಿ ಕೈಮುಗಿದ ಚಿತ್ರ ಒತ್ತಿದೆ. ಅವರು ಅದನ್ನು ಎಲೆ ಹಿಡಿದದ್ದೇ ಎಂದು ತಿಳಿದು, ಮುಂಜಾನೆ ಜೀಪು ತಂದು ಮನೆ ಮುಂದೆ ನಿಲ್ಲಿಸಿದರು! ಹೋದೆ, ಹಾಡಿದೆ. ಅಂದಿನಿಂದಲೇ ಗಂಟಲು ಕೆರೆಯತೊಡಗಿದ್ದು.

ಯಾಕೆ ಹೀಗೆ ಹೂಂ ಅನ್ನುತ್ತೀ ಎಂದು ಯಾರಾದರೂ ಕೇಳಿದರೆ, ಮಂದಿಯ ಮೇಲಿನ ಪ್ರೀತಿಯಿಂದ ಎಂದು ಹೇಳಿಕೊಳ್ಳುತ್ತಿದ್ದೆ. ಬಾಯಿ ಮುಚ್ಚಿಕೊಂಡು ಕೂತ ಈ ದಿನಗಳಲ್ಲಿ ಸುಳ್ಳು ಹೇಳುವುದಕ್ಕೂ ಬೇಸರವಾಗಿದೆ. ನನಗಿರುವುದು ಹೆದರಿಕೆ. ಬರುವ ಕರೆಗಳ ಹೆದರಿಕೆಯಲ್ಲ. ಒಮ್ಮೆ ಇಲ್ಲ ಎಂದರೆ ಆಮೇಲೆ ಯಾರೂ ಕರೆಯಲಿಕ್ಕಿಲ್ಲ ಎಂಬ ಹೆದರಿಕೆ. ಫೋನು ನಡುಗಿದರೂ ಎದೆ ಹಾರುತ್ತದೆ, ನಡುಗದಿದ್ದರೂ ಹಾರುತ್ತದೆ.

ಈ ಹೆದರಿಕೆ ನನಗೆ ಹಾಡು ಕಲಿಸಿದವಳಿಂದಂತೂ ಬಂದದ್ದಲ್ಲ. ಎಲೆಯ ವಾಸನೆ ಮೂಗಿಗೆ ಬಡಿದ ಕೂಡಲೇ ನೆನಪಾದವಳು ಅವಳೇ, ನಮ್ಮಪ್ಪನ ಅಕ್ಕ ನೀಲಮ್ಮತ್ತಿ. ದೇವದುರ್ಗದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಇದ್ದಳು. ಕಪ್ಪಗೆ, ಗಟ್ಟಿಮುಟ್ಟಾಗಿ, ಹಣೆಯ ತುಂಬ ವಿಭೂತಿ. ಮಾತು ಕಡಿಮೆ. ಹಾಡಿದರೆ ಮಾತ್ರ ಊರಬಾಗಿಲಾದ ಅಗಸಿಯ ಆಚೆಗೂ ಕೇಳಿಸುತ್ತಿತ್ತು. ಅವಳ ಮನೆಯ ದೇವರ ಜಗಲಿಯ ಮೇಲೆ ಲಿಂಗದ ಪೂಜೆಯ ಸಾಮಾನಿನ ಪಕ್ಕದಲ್ಲಿ ಯಾವಾಗಲೂ ಯಾರದೋ ಮನೆಯ ಎಲೆ ಅಡಿಕೆ ಇರುತ್ತಿತ್ತು. ಯಾಕೆಂದರೆ ಅತ್ತಿ ಎಲೆಯನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ.

"ಜಗಲಿ ಮ್ಯಾಲ ಇಡ್ರಿ. ನಾಳೆ ಹೇಳ್ತೀನಿ" ಎನ್ನುತ್ತಿದ್ದಳು. ಕರೆಯಲು ಬಂದವರು ಯಾರೇ ಆಗಿರಲಿ, ಅದೇ ಮಾತು. ಬಂದವರಿಗೆ ಚಹಾ ಕೊಡುತ್ತಿದ್ದಳು, ಊಟದ ಹೊತ್ತಾದರೆ ಊಟ ಹಾಕುತ್ತಿದ್ದಳು, ಮಾತು ಮಾತ್ರ ಕೊಡುತ್ತಿರಲಿಲ್ಲ. ಮರುದಿನ ಸ್ನಾನ ಮಾಡಿ, ಪೂಜೆ ಮುಗಿಸಿ, ಎಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ತನ್ನನ್ನೇ ಗಟ್ಟಿಯಾಗಿ ಕೇಳಿಕೊಳ್ಳುತ್ತಿದ್ದಳು: "ಈ ಮನಿಗಿ ಹೋಗಿ ಬಂದ್ರ ಮರದಿನ ಎದ್ದು ರೊಟ್ಟಿ ಬಡಿಯಾಕ ಆಗ್ತದೇನು ನನಗ?" ಆಗುತ್ತದೆ ಎನಿಸಿದರೆ ಎಲೆ ಮಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಇಲ್ಲ ಎನಿಸಿದರೆ ಎಲೆಯ ಜೊತೆಗೆ ತನ್ನ ಮನೆಯದೊಂದು ತೆಂಗಿನಕಾಯಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ, ತಾನೇ ಹೊರಡುತ್ತಿದ್ದಳು. ಯಾರ ಕೈಯಲ್ಲಾದರೂ ಕಳಿಸಬಾರದೇ ಎಂದು ಒಮ್ಮೆ ಕೇಳಿದ್ದೆ. "ಬರ್ತೀನಿ ಅನ್ನೋದನ್ನ ಯಾರ ಕೈಲೆ ಬೇಕಾದ್ರೂ ಹೇಳಿ ಕಳಸಬಹುದು. ಬರಂಗಿಲ್ಲ ಅನ್ನೋದನ್ನ ನಾವಽ ಹೋಗಿ ಹೇಳಬೇಕು" ಎಂದಳು.

ಒಂದು ಸಲ ಮಾನ್ವಿಯ ದೊಡ್ಡ ಮನೆತನದಿಂದ ಕರೆ ಬಂತು. ಹತ್ತಿ ವ್ಯಾಪಾರದವರು. ನಮ್ಮ ಓಣಿಯಲ್ಲಿ ಅವರ ಕಾರು ನಿಂತದ್ದನ್ನು ನೋಡಲು ಹುಡುಗರೆಲ್ಲ ಸೇರಿದ್ದರು. ಅತ್ತಿ ಅವರಿಗೂ ಜಗಲಿ ತೋರಿಸಿದಳು. ಅವಳ ಗಂಡ, ನಮ್ಮ ಮಾವನಿಗೆ ಅಂದು ಊಟ ಸೇರಲಿಲ್ಲ. ಬಹಳ ಹೆದರುವ ಮನುಷ್ಯ ಅವನು. ಬೆಕ್ಕು ಅಡ್ಡ ಬಂದರೆ ಅದು ಯಾರ ಮನೆಯ ಬೆಕ್ಕು ಎಂದು ವಿಚಾರಿಸುತ್ತಿದ್ದ. "ಅಂಥಾರಿಗಿ ನಾಳೆ ಅಂತಾರೇನಽ?" ಎಂದು ಒಳಗೂ ಹೊರಗೂ ತಿರುಗಿದ. ಬೆಳಿಗ್ಗೆ ಅತ್ತಿ ತೆಂಗಿನಕಾಯಿ ಹುಡುಕಿದ್ದನ್ನು ನೋಡಿ ಕಟ್ಟೆಯ ಮೇಲೆ ಕುಸಿದ.

ಬಸ್ಸಿನ ಆಸೆಗೆ ನಾನೂ ಅತ್ತಿಯ ಜೊತೆ ಮಾನ್ವಿಗೆ ಹೋದೆ. ಆ ಮನೆಯ ಹಿರಿಯಮ್ಮ ತೂಗುಮಂಚದ ಮೇಲೆ ಕೂತಿದ್ದರು. ಅತ್ತಿ ತಟ್ಟೆಯನ್ನು ಅವರ ಮುಂದಿಟ್ಟಳು.

"ಯವ್ವಾ, ನಿಮ್ಮ ಎಲಿ ತಂದೀನ್ರೀ. ನನಗ ಬರಾಕ ಆಗಂಗಿಲ್ಲ."

"ಯಾಕ? ಬ್ಯಾರೆ ಕಡಿ ಹಿಡದಿಯೇನು?"

"ಇಲ್ರೀ."

"ಮೈಯಾಗ ಆರಾಮ ಇಲ್ಲೇನು?"

"ಆರಾಮ ಅದರೀ."

"ಮತ್ತ?"

"ದಣಿದೀನ್ರೀ ಯವ್ವಾ. ಅವತ್ತ ಮಲಗ್ತೀನಿ."

ನಾನು ಅತ್ತಿಯ ಸೆರಗು ಜಗ್ಗಿದೆ. ಒಂದು ಸುಳ್ಳು ಹೇಳಬಾರದೇ! ಹೊಟ್ಟೆನೋವು ಅನ್ನಬಹುದಿತ್ತು, ಸೂತಕ ಅನ್ನಬಹುದಿತ್ತು. ಹಿರಿಯಮ್ಮ ಅತ್ತಿಯ ಮುಖವನ್ನೇ ನೋಡಿದರು. ಆಮೇಲೆ ತಟ್ಟೆಯಿಂದ ಒಂದು ಎಲೆ ತೆಗೆದು, ನಾರು ಬಿಡಿಸಿ, ಸುಣ್ಣ ಹಚ್ಚಿ ತಾವೇ ಬಾಯಿಗೆ ಹಾಕಿಕೊಂಡು, ಇವರಿಬ್ಬರಿಗೆ ಊಟಕ್ಕೆ ಹಾಕಿರೆಂದು ಒಳಗೆ ಕೂಗಿದರು. ಊಟವೇನೋ ಚೆನ್ನಾಗಿತ್ತು. ಆದರೆ ಆ ಮನೆಯಿಂದ ಅತ್ತಿಗೆ ಮತ್ತೆಂದೂ ಕರೆ ಬರಲಿಲ್ಲ. ಮಾವ ಇದನ್ನು ಸಾಯುವವರೆಗೂ ಆಡಿ ತೋರಿಸಿದ.

ಆ ಮನೆಯ ಸಮಾರಂಭದ ದಿನ ಅತ್ತಿ ಹೇಳಿದಂತೆಯೇ ಮಾಡಿದಳು. ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿ ಹಾಸಿ ಮಲಗಿಬಿಟ್ಟಳು. ಹಾದುಹೋಗುವವರು ನೋಡಿದರೆ ಏನು ಗತಿ ಎಂದು ನಾನು ಮೆಲ್ಲಗೆ ಬಾಗಿಲು ಮುಂದೆ ಮಾಡಿದೆ. ಕಣ್ಣು ಮುಚ್ಚಿಕೊಂಡೇ ಅತ್ತಿ ಅಂದಳು: "ತಗಿ ಬಾಗಲಾ, ಗಾಳಿ ಬರ್ಲಿ. ಕದ್ದು ಮಲಗಾಕತ್ತಿಲ್ಲ ನಾನು." ತೆಗೆದೆ. ತೆಗೆದು, ನಾನೇ ಹೊಸ್ತಿಲಲ್ಲಿ ಅಡ್ಡ ಕೂತೆ. ಅತ್ತಿಯ ಹಾಡೆಲ್ಲ ನನಗೆ ಬಂತು, ಆ ನಿದ್ದೆ ಮಾತ್ರ ಬರಲಿಲ್ಲ.

ಅತ್ತಿಯ ಕಾಲಕ್ಕೆ ಅದು ಸರಿ ಎಂದು ನೀವು ಅನ್ನಬಹುದು, ನಾನೂ ಅಂದುಕೊಂಡಿದ್ದೇನೆ. ಅವಳಿಗೆ ಹೊಲವಿತ್ತು, ಯಾರ ಹಂಗೂ ಇರಲಿಲ್ಲ. ಫೋನಿಗೆ ಜಗಲಿ ಎಲ್ಲಿದೆ? ಕರೆದವರು ಮರುಕ್ಷಣವೇ 'ಬರ್ತೀರಲ್ಲ?' ಎನ್ನುತ್ತಾರೆ, ನನ್ನ ಬಾಯಿ ನನಗಿಂತ ಮುಂಚೆ ಹೂಂ ಅಂದಿರುತ್ತದೆ. ಆದರೆ ಈ ವಾರ ಬಾಯಿ ಬಂದ್ ಆಗಿದೆ. ತಟ್ಟೆ ಮುಂದೆ ಇದೆ. ಕುಬಸಕ್ಕೆ ಹಾಡಿದರೆ ಶುಕ್ರವಾರಕ್ಕೆ ದನಿ ಉಳಿಯುವುದಿಲ್ಲ. ಹಾಡದಿದ್ದರೆ ಗಂಡನ ಗತಿ ಏನೋ. ಎದ್ದು ತಟ್ಟೆಯನ್ನು ದೇವರ ಗೂಡಿನ ಮುಂದೆ ಇಟ್ಟು ಬಂದಿದ್ದೇನೆ. ಕೈಯಲ್ಲಿ ಹಿಡಿದದ್ದನ್ನು ಆಮೇಲೆ ಜಗಲಿಗೆ ಇಟ್ಟರೆ ನಡೆಯುತ್ತದೆಯೋ ಇಲ್ಲವೋ, ಕೇಳೋಣವೆಂದರೆ ಅತ್ತಿ ಇಲ್ಲ.

*

ಮೇಲಿನಷ್ಟನ್ನು ಬರೆದು ಬದಿಗಿಟ್ಟಿದ್ದೆ. ಆಮೇಲೆ ಏನಾಯಿತೆಂದು ಈಗ ಬರೆಯುತ್ತಿದ್ದೇನೆ.

ಅಂದು ಸಂಜೆ ಗಂಡ ಗಿರಣಿಯಿಂದ ಬಂದರು. ಅವರದು ಅಲ್ಲಿ ಭತ್ತದ ಗಾಡಿ ತೂಗುವ ಕಾಟಾದ ಕೆಲಸ. ತಟ್ಟೆ ನೋಡಿ ಮುಖ ಅರಳಿತು. "ಅವ್ವಾರು ಮನಿಗಽ ಕಳಿಸ್ಯಾರ ನೋಡು! ಮ್ಯಾನೇಜರ್ ಹೆಂಡ್ತಿಗೂ ಕಳಿಸಿಲ್ಲ." ನಾನು ಮಗನ ಹಳೆಯ ಪಾಟಿಯ ಮೇಲೆ 'ಹೋಗಲ್ಲ' ಎಂದು ಬರೆದು ತೋರಿಸಿದೆ. ಅವರ ಮುಖ ನೋಡಲಾಗದೆ ಪಾಟಿಯನ್ನೇ ನೋಡಿದೆ.

"ಎಲಿ ಹಿಡದು ಒಲ್ಲೆ ಅಂದ್ರ ಹ್ಯಾಂಗಽ? ದಿನಾ ಮುಂಜಾನಿ ಅವರ ಮಾರಿ ನೋಡಾಂವ ನಾನು. ಒಂದಽ ಹಾಡು ಹಾಡಿ ಬಂದುಬಿಡು. ಗಂಗಾಗ ತಿಳಿಸಿ ಹೇಳಿದ್ರಾತು, ಮನಿ ಮಗಳು."

ಮನೆಯವರಿಗೆ ತಿಳಿಸಿ ಹೇಳಿದರಾಯಿತು. ನನ್ನ ಇಡೀ ಜೀವನ ಹೀಗೇ ನಡೆದಿದೆ. ಹೊರಗಿನವರಿಗೆ ಹಾಡು, ಮನೆಯವರಿಗೆ ತಿಳಿಸಿ ಹೇಳುವುದು. ಕಣ್ಣಲ್ಲಿ ನೀರು ಬಂತು. ಸಿಟ್ಟೂ ಬಂತು. ಸಿಟ್ಟು ಬಂದಾಗ ಕೂಗುವುದಕ್ಕೂ ಆಗದಿದ್ದರೆ ಎಷ್ಟು ಕಷ್ಟವೆಂದು ಹೇಳಲಾರೆ. ಪಾಟಿಯ ಮೇಲೆ ದೊಡ್ಡದಾಗಿ 'ಗಂಗಾ' ಎಂದು ಬರೆದೆ. ಅವರು ಓದಿದರು. ಪಾಟಿಯನ್ನು ಗೋಡೆಗೆ ಆನಿಸಿಟ್ಟರು. ಕೊನೆಗೆ, "ನಾನಂತೂ ಹೋಗಿ ಹೇಳಾಂವಲ್ಲ" ಎಂದರು. ಅವರು ಹೇಳಲಿ ಎಂದು ನಾನೂ ಅಂದುಕೊಂಡಿರಲಿಲ್ಲ.

ಮರುದಿನ ಪೂಜೆಯಾದ ಮೇಲೆ ಎಲೆಯ ಮುಂದೆ ಕೂತೆ. ಎಲೆ ಬಾಡಿರಲಿಲ್ಲ, ನಾನೇ ಬಾಡಿದ್ದೆ. ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು, ಬ್ಯಾಗಿನಲ್ಲಿ ಪಾಟಿ ಬಳಪ ಹಾಕಿಕೊಂಡು ಆಟೋ ಹತ್ತಿದೆ. ಈ ವಯಸ್ಸಿನಲ್ಲಿ ಪಾಟಿ ಹಿಡಿದು ಹೊರಟ ಟೀಚರನ್ನು ನೋಡಿದ್ದರೆ ನನ್ನ ತರಗತಿಯ ಮಕ್ಕಳು ಶಾಲೆ ಬಿಡುವವರೆಗೂ ನಗುತ್ತಿದ್ದರು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಪಾಟಿ ಬರೆದು ಒರೆಸಿದೆ. ಡಾಕ್ಟರು ಬೇಡ ಅಂದಿದ್ದಾರೆ ಎಂದಷ್ಟೇ ಬರೆದರಾಯಿತು ಎಂದು ಲೆಕ್ಕ ಹಾಕಿದೆ. ಸುಳ್ಳೂ ಅಲ್ಲ. ಆದರೆ ಶುಕ್ರವಾರ ದೇವದುರ್ಗದಲ್ಲಿ ಹಾಡಿದ್ದು ಶನಿವಾರ ಭತ್ತದ ಲಾರಿಯ ಜೊತೆ ಗಿರಣಿಗೆ ಬಂದು ಮುಟ್ಟುತ್ತದೆ. ಆಗ?

ಸಾವಕಾರ್ತಿ ಹಾಲ್‌ನಲ್ಲೇ ಇದ್ದರು, ಸುತ್ತ ಸೀರೆಗಳ ರಾಶಿ. "ಬರ್ರಿ ಟೀಚರ್, ಬರ್ರಿ" ಎಂದವರು ತಟ್ಟೆ ನೋಡಿ ಕೈಯಲ್ಲಿದ್ದ ಸೀರೆ ಕೆಳಗಿಟ್ಟರು. ನಾನು ನಿಂತಲ್ಲೇ ಬರೆದೆ: 'ಗಂಟಲು ಕೆಟ್ಟಿದೆ.' ಅಷ್ಟು ಬರೆದು ಕೈ ನಿಂತಿತು. ಸೆರಗಿನಿಂದ ಒರೆಸಿದೆ. ಮತ್ತೆ ಬರೆದೆ: 'ಶುಕ್ರವಾರ ತಂಗಿಯ ಕೂಸಿನ ತೊಟ್ಟಿಲು. ಇರುವಷ್ಟು ದನಿ ಅಲ್ಲಿಗೆ ಇಟ್ಟುಕೊಂಡಿದ್ದೇನೆ.'

ಅವರಿಗೆ ಓದುವ ಕನ್ನಡಕ, ಚಾಳೀಸು ಇಲ್ಲದೆ ಕಾಣಿಸಲಿಲ್ಲ. "ಏನ್ ಬರದಾರ ನೋಡ್ರೇ" ಎಂದು ಕೂಗಿದರು. ಒಳಗಿನಿಂದ ಸೊಸೆ, ನಾದಿನಿ, ಅಡುಗೆಯವಳು ಎಲ್ಲ ಬಂದರು. ಸೊಸೆ ಗಟ್ಟಿಯಾಗಿ ಓದಿದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಾವಕಾರ್ತಿ ಒಂದು ಕ್ಷಣ ನನ್ನನ್ನು ನೋಡಿದರು.

"ಅಷ್ಟಽ ಹೌದಲ್ರೀ? ಬಿಡ್ರಿ. ಹೋದ ವರ್ಷ ನೀವು ಹಾಡಿದ್ದು ಮೊಬೈಲ್‌ನಾಗ ಅದ. ಸ್ಪೀಕರ್‌ಗಿ ಹಚ್ಚಿಬಿಡ್ತೀವಿ." ಹೀಗಂದವರೇ ಸೀರೆಯ ಕಡೆ ತಿರುಗಿದರು. ಮತ್ತೆ ನೆನಪಾದವರಂತೆ, "ಊಟಕ್ಕರೆ ಬರ್ರಿ" ಎಂದರು.

ಹಗುರವಾಗಬೇಕಾಗಿತ್ತು, ಅಲ್ಲವೇ? ಆಟೋದಲ್ಲಿ ಕೂತರೆ ಅಳು ಒತ್ತಿ ಬಂತು. ಮೈ ಸುಡುವ ಜ್ವರದಲ್ಲೂ ಹೋಗಿ ಹಾಡಿದ್ದೆನಲ್ಲ ಆ ಮನೆಗೆ! ನಾನಿಲ್ಲದೆ ಅವರ ಕುಬಸ ನಿಂತೇಹೋಗುತ್ತದೆ ಎಂದು ಹಿಂದಿನ ರಾತ್ರಿಯೆಲ್ಲ ಹೊರಳಾಡಿದ್ದೆ. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ ಅದು. ಅವರ ಮಾತಿನಲ್ಲಿ ಇದ್ದದ್ದು ಸಿಟ್ಟೋ ಸಮಾಧಾನವೋ ಇವತ್ತಿಗೂ ತಿಳಿದಿಲ್ಲ. ಗುರುವಾರ ಗಂಡ ಬಂದು, "ಸಾವಕಾರ್ರು ಏನೂ ಅನ್ಲಿಲ್ಲ" ಎಂದರು. ಏನೂ ಅನ್ನದಿದ್ದುದೇ ಇಬ್ಬರಿಗೂ ಊಟ ಸೇರದಂತೆ ಮಾಡಿತು. ಆದರೂ ಮರುದಿನ ಬೆಳಿಗ್ಗೆ ದೇವದುರ್ಗದ ಬಸ್ಸಿಗೆ ಅವರೇ ಬ್ಯಾಗು ಹಿಡಿದುಕೊಂಡು ಬಂದರು.

ಗಂಗಾಳ ಮನೆ ತುಂಬಿ ತುಳುಕುತ್ತಿತ್ತು. ಕೂಸಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಕೂಗಿದಳು. ವಾಡಿಕೆಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದಿ ನಕ್ಕರು. ಕೂಸನ್ನು ತೊಟ್ಟಿಲಿಗೆ ಹಾಕಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ದಿನ ಮುಚ್ಚಿದ್ದ ಬಾಯಿ. ಏನು ಬರುತ್ತದೋ, ಬರುತ್ತದೋ ಇಲ್ಲವೋ, ನನಗೇ ಗೊತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ತೊಟ್ಟಿಲ ಹಗ್ಗ ಗಂಗಾಳ ಕೈಯಲ್ಲಿತ್ತು.

ಬಾಯಿ ತೆರೆದೆ. ಬಂತು. ನನ್ನ ದನಿಯೇ ಎಂದು ಅನುಮಾನ ಬರುವಷ್ಟು ಸಣ್ಣಗೆ, ಒಡೆದು, ನಡುನಡುವೆ ಗಾಳಿ ಸೇರಿಕೊಂಡು ಬಂತು. ಮೊದಲ ಸಾಲು ಮುಗಿಯುವಷ್ಟರಲ್ಲಿ ಹಿಂದಿನಿಂದ ಕೂಗಿದರು: "ಕೇಳಸವಲ್ದಬೇ, ಜೋರು ಹಾಡು!" ಯಾರೋ ಮೈಕು ತರಲು ಓಡಿದರು. ನನ್ನ ಹಳೆಯ ಹೆದರಿಕೆ ಎದ್ದು ಕೂತಿತು. ಇಷ್ಟು ಮಂದಿ ಬಂದಿದ್ದಾರೆ, ಅವರಿಗೆ ಕೇಳಿಸಬೇಡವೇ? ಕುತ್ತಿಗೆ ಬಿಗಿದು, ಉಸಿರೆಳೆದು, ದನಿ ಏರಿಸಲು ಹೊರಟೆ.

ಗಂಗಾ ನನ್ನ ಮುಂಗೈ ಹಿಡಿದಳು.

"ಜೋರು ಬ್ಯಾಡ ಅಕ್ಕಾ" ಎಂದಳು. "ಕೂಸಿಗಿ ಕೇಳಸಾಕತ್ತದ."

ನೋಡಿದೆ. ಕೂಸು ಕಣ್ಣು ಬಿಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿತ್ತು. ನಾನು ತೊಟ್ಟಿಲ ಮೇಲೆ ಇನ್ನಷ್ಟು ಬಾಗಿ ಮುಂದಿನ ಸಾಲು ಹಾಡಿದೆ.